ಜಟ್ಟೆಪ್ಪನ ಬಾಗಿದ ಗೆರೆ

ಬೈಲಹೊಂಗಲದ ಆ ಡಿಗ್ರಿ ಕಾಲೇಜಿನ ಹಳೆಯ ಭೌತಶಾಸ್ತ್ರ ಲ್ಯಾಬು ಈಗ ಇಲ್ಲ. ಆ ಕೋಣೆಯಲ್ಲಿ ಕಂಪ್ಯೂಟರುಗಳು ಕೂತಿವೆ. ನೆಲಕ್ಕೆ ಹೊಳೆಯುವ ಫರಸಿ ಬಂದಿದೆ, ಬಾಗಿಲಿಗೆ ‘ಚಪ್ಪಲಿ ಹೊರಗೆ ಬಿಡಿ’ ಅನ್ನುವ ಫಲಕ ಬಂದಿದೆ. ಆ ಬಾಗಿಲು ದಾಟುವಾಗ ಕಾಂತೇಶನ ಮೂಗು ಇವತ್ತಿಗೂ ಸ್ಪಿರಿಟ್ಟಿನ ವಾಸನೆ, ಬಿಸಿಯಾದ ತಾಮ್ರದ ತಂತಿಯ ವಾಸನೆ ಹುಡುಕುತ್ತದೆ. ಸಿಗುವುದು ರೂಮ್ ಫ್ರೆಶ್‌ನರ್. ಮೂಗಿಗೆ ಅವಮಾನವಾಗಿ ಅವನು ಮುಂದೆ ಹೋಗುತ್ತಾನೆ.

ಕಾಲೇಜಿನ ಹಾಜರಿ ಪುಸ್ತಕದಲ್ಲಿ ಕಾಂತೇಶನ ಹೆಸರಿನ ಮುಂದೆ ‘ಅತಿಥಿ’ ಎಂದಿದೆ. ಅತಿಥಿ ಅಂದರೆ ಕುರ್ಚಿ ಕೊಟ್ಟು ಕೂಡಿಸುತ್ತಾರೆ ಅಂತ ಅವನು ಮೊದಲ ದಿನ ನಂಬಿ ಬಂದಿದ್ದ. ಇಲ್ಲಿಯ ಅತಿಥಿ ತನ್ನ ಕುರ್ಚಿ ತಾನೇ ಹುಡುಕಿಕೊಳ್ಳಬೇಕು, ಕಾಯಂ ಉಪನ್ಯಾಸಕರು ಬಂದರೆ ಅದನ್ನು ಬಿಟ್ಟುಕೊಡಬೇಕು. ಎಂಎಸ್ಸಿಯಲ್ಲಿ ತನಗೆ ಎರಡನೇ ರ‍್ಯಾಂಕು ಬಂದದ್ದನ್ನು ಅವನು ಕಿತ್ತೂರಿನಿಂದ ಬರುವ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿ ಮುಗಿಸಿದ್ದ. ಒಬ್ಬ ಮುದುಕ ಕೇಳಿಸಿಕೊಂಡು, “ಹೋಗ್ಲಿ ಬಿಡಪಾ, ಮುಂದಿನ ಸರ್ತಿ ಒಂದನೇದು ಬರತೈತಿ” ಅಂತ ಸಮಾಧಾನ ಮಾಡಿ ಇಳಿದುಹೋಗಿದ್ದ.

ಆ ಲ್ಯಾಬಿನಲ್ಲಿ ಅವನಿಗೆ ಮೊದಲು ಕುರ್ಚಿ ಕೊಟ್ಟವನು ಅಟೆಂಡರ್ ಜಟ್ಟೆಪ್ಪ. ದೊಡವಾಡದವನು. ಸಣಕಲ ಮೈ, ದಪ್ಪ ಕನ್ನಡಕ, ಅಂಗಿಯ ಜೇಬಿನಲ್ಲಿ ಒಂದೇ ಒಂದು ಕಪ್ಪು ಶಾಯಿಯ ಪೆನ್ನು. ಕಾಂತೇಶ ಮೊದಲ ದಿನ ಗತ್ತಿನಿಂದ ಸರ್ಕೀಟು ಜೋಡಿಸಿ ಸ್ವಿಚ್ಚು ಒತ್ತಿದಾಗ ಜಟ್ಟೆಪ್ಪ ಪಕ್ಕದಲ್ಲೇ ನಿಂತು ಮೆಲ್ಲಗೆ ಹೇಳಿದ್ದ:

“ಸರ, ಮುಳ್ಳು ಉಲ್ಟಾ ಹೊಂಟೈತ್ರಿ. ಪಾಪ, ಮೀಟರಂದೇನೂ ತಪ್ಪಿಲ್ಲ.”

ಹುಡುಗರು ನಗಲಿಲ್ಲ, ಯಾಕೆಂದರೆ ಜಟ್ಟೆಪ್ಪ ಅವರಿಗೆ ಕೇಳಿಸದ ಹಾಗೆ ಹೇಳಿದ್ದ. ಅಂದಿನಿಂದ ಅವನು ಕಾಂತೇಶನಿಗೆ ‘ಕಾಕಾ’ ಆದ. ಕಾಂತೇಶ ಅವನಿಗೆ ‘ಸರ’ ಆಗಿಯೇ ಉಳಿದ. ಎಷ್ಟು ಹೇಳಿದರೂ ಬಿಡಲಿಲ್ಲ. “ಲ್ಯಾಬಿನ್ಯಾಗ ಸರ ಅಂದ್ರ ಸರ. ಹೊರಗ ಬರ್ರಿ, ತಮ್ಮಾ ಅಂತೇನಿ,” ಅನ್ನುತ್ತಿದ್ದ.

ಜಟ್ಟೆಪ್ಪನದೊಂದು ಪದ್ಧತಿ ಇತ್ತು. ಮೀಟರು ನೋಡಿದವನು ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು. ಆಮೇಲಷ್ಟೇ ಕೈ ಬರೆಯಬೇಕು. ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ನೋಡಲು ತಪ್ಪಿದರೆ ಆ ಸಾಲಿನಲ್ಲಿ ‘ನೋಡಿಲ್ಲ’ ಅಂತ ಬರೆಯಬೇಕು. ಹುಡುಗರಿಗೆ ಇದು ತಮಾಷೆ. ಸಂತೆಯಲ್ಲಿ ಸವಾಲು ಕೂಗುವವರ ಹಾಗೆ “ಮೂರು ಚುಕ್ಕಿ ನಾಲ್ಕೂ!” ಅಂತ ಅರಚುತ್ತಿದ್ದರು. ಕಾಂತೇಶನಿಗೂ ತಮಾಷೆಯೇ. ಅವನು ಓದುವಾಗ ಅರ್ಧ ರೆಕಾರ್ಡು ಹಾಸ್ಟೆಲ್ಲಿನಲ್ಲಿ ಕೂತು ಹಿಂದಿನ ವರ್ಷದವರ ಪುಸ್ತಕ ನೋಡಿ ಬರೆದದ್ದು. ರ‍್ಯಾಂಕಿನ ಕತೆ ಹೇಳುವಾಗ ಈ ಭಾಗವನ್ನು ಅವನು ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದ.

ಖಂಡೇನವಮಿಯ ದಿನ ಲ್ಯಾಬಿನಲ್ಲಿ ಪೂಜೆ. ಮೀಟರುಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟಿದ್ದರು. ಆ ಸಾಲಿನ ತುದಿಯಲ್ಲಿ ಇಂಜೆಕ್ಷನ್ನಿನ ಒಂದು ಪುಟ್ಟ ಗಾಜಿನ ಬಾಟಲಿ ಕಾಂತೇಶನ ಕಣ್ಣಿಗೆ ಬಿತ್ತು. ಬಾಯಿಗೆ ಮೇಣ, ಒಳಗೆ ಹುರಿದ ಅಕ್ಕಿ, ಅಕ್ಕಿಯ ನಡುವೆ ಕಾಗದದಲ್ಲಿ ಸುತ್ತಿದ ಏನೋ ಕರಿಯ ಚೂರು.

“ಕಾಕಾ, ಇದು ಯಾರ ಹಲ್ಲು?”

“ನಂದ ರೀ,” ಅಂದ ಜಟ್ಟೆಪ್ಪ. “ಕಿತ್ತಾಂವ ಬ್ಯಾರೆ.”

ತೆಂಗಿನಕಾಯಿ ಒಡೆಯುವ ಹೊತ್ತಿಗೆ ಅವನು ಬಾಟಲಿಯನ್ನು ಜೇಬಿಗೆ ಹಾಕಿಕೊಂಡ. ಅದರ ಮೇಲೆ ನೀರು ಸಿಡಿಯಬಾರದಂತೆ. ಪೂಜೆ ಮುಗಿದು, ಚುರುಮುರಿ ಹಂಚಿ, ಎಲ್ಲರೂ ಹೋದ ಮೇಲೆ ಮೇಣ ತೆಗೆದು ಹಳೆಯ ಅಕ್ಕಿ ಸುರಿದ, ಮನೆಯಲ್ಲಿ ಹೆಂಡತಿ ಹುರಿದುಕೊಟ್ಟ ಹೊಸ ಅಕ್ಕಿ ತುಂಬಿದ, ಮೇಣದಬತ್ತಿ ಹಚ್ಚಿ ಮತ್ತೆ ಬಾಯಿ ಮುಚ್ಚಿದ. ಪ್ರತಿವರ್ಷ ಇದೇ ದಿನ ಇದೇ ಕೆಲಸ. ಅಕ್ಕಿ ಪಸೆ ಎಳೆದುಕೊಳ್ಳುತ್ತದೆ, ಚೂರು ಒಣಗಿರುತ್ತದೆ. ಮೂವತ್ತು ವರ್ಷ ಹೀಗೆ. ಕೆಲಸ ಮುಗಿಸಿ ಸ್ಟೂಲಿನ ಮೇಲೆ ಕೂತು ಕತೆ ಹೇಳಿದ.

ಮೂವತ್ತು ವರ್ಷದ ಹಿಂದೆ ಜಟ್ಟೆಪ್ಪ ಧಾರವಾಡದ ಒಂದು ಲ್ಯಾಬಿನಲ್ಲಿ ದಿನಗೂಲಿ. ಬೆಳಿಗ್ಗೆ ದೊಡವಾಡದ ಮೊದಲ ಬಸ್ಸಿಗೆ ರೊಟ್ಟಿಗಂಟು ಕಟ್ಟಿಕೊಂಡು ಹೊರಟರೆ ಎಂಟೂವರೆಗೆಲ್ಲ ಲ್ಯಾಬಿನ ಕಸ ಗುಡಿಸಿ ಆಗಿರುತ್ತಿತ್ತು. ಗಾಳಿ ಎಳೆಯುವ ಪಂಪು ಇಡೀ ದಿನ ಟಕಟಕ ಅನ್ನುತ್ತಿತ್ತಂತೆ, ಮನೆಗೆ ಬಂದು ಮಲಗಿದರೂ ಕಿವಿಯಲ್ಲಿ ಅದೇ. ಗಾಳಿ ತೆಗೆದ ಪಾತ್ರೆಯೊಳಗೆ ಉಗುರಿನಷ್ಟು ಹರಳಿನ ಮೇಲೆ ಒಂದು ಕರಿಯ ಪದರ ಕೂಡಿಸುತ್ತಿದ್ದರು. ಪದರ ಅಂದರೆ ಕೂದಲನ್ನು ಸಾವಿರ ಸರ್ತಿ ಸೀಳಿದಷ್ಟು ತೆಳು. ಅದನ್ನು ದ್ರವ ನೈಟ್ರೋಜನ್ನಿನ ತಣುವಿಗೆ ಇಳಿಸಿದರೆ, ಒಂದು ಹಂತಕ್ಕೆ ಬಂದ ಕೂಡಲೇ ಕರೆಂಟಿಗೆ ಅದರೊಳಗೆ ತಡೆಯೇ ಇರುವುದಿಲ್ಲ. ತಡೆ ಸೊನ್ನೆ. ಅತಿವಾಹಕ ಅಂತಾರೆ.

“ಮೊದಲನೇ ಸರ್ತಿ ನೋಡಿದಾಗ ಮೀಟರ್ ಕೆಟ್ಟೈತಿ ಅಂತ ತಟ್ಟಿದ್ನಿರಿ ನಾನು,” ಅಂದ ಜಟ್ಟೆಪ್ಪ. “ನೈಟ್ರೋಜನ್ ಸುರುವಿದ್ರ ಟೇಬಲ್ಲಿನ ಮ್ಯಾಲ ಬಿಳಿ ಮೋಡ. ಮೋಡದಾಗ ಕೈ ಆಡಿಸಿದಂಗ. ಅಂಥಾ ದಿನಾ ಮತ್ತ ಬರಲಿಲ್ರಿ.”

ಅಲ್ಲಿ ರಾಮಲಿಂಗಪ್ಪ ಅಂತ ಒಬ್ಬ ಸಂಶೋಧಕ. ಅವನು ಅಲ್ಲಿಯತನಕ ಅದೇ ವಸ್ತುವಿನ ದಪ್ಪ ಬಿಲ್ಲೆಗಳನ್ನು ಅಳೆದವನು. ಬಿಲ್ಲೆಯಲ್ಲಿ ತಡೆ ನೇರ ಗೆರೆಯಾಗಿ ಇಳಿಯುತ್ತ ಬಂದು, ತೊಂಬತ್ತರ ಸುಮಾರಿಗೆ ಬಾವಿಗೆ ಕಲ್ಲು ಬಿದ್ದ ಹಾಗೆ ಒಮ್ಮೆಲೇ ಸೊನ್ನೆಗೆ ಬೀಳುತ್ತಿತ್ತು. ತೊಂಬತ್ತು ಅಂದರೆ ಕೆಲ್ವಿನ್ ಲೆಕ್ಕ. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ನೂರಾ ಎಂಬತ್ತಮೂರು ಡಿಗ್ರಿ ಕೆಳಗೆ. ಒಂದು ದಿನ ಹೊಸ ತೆಳು ಪದರದ ಅಳತೆ ನಡೆದಾಗ ರಾಮಲಿಂಗಪ್ಪನಿಗೆ ಯಾವುದೋ ಲಗ್ನಕ್ಕೆ ಹೋಗಬೇಕಿತ್ತು. “ನೀನ ಬರಕೋ ಜಟ್ಟೆಪ್ಪ” ಅಂದು ಹೋದ. ಜಟ್ಟೆಪ್ಪ ಹತ್ತನೇ ಇಯತ್ತೆ ಓದಿದವನು. ಪದರವನ್ನು ದಾರಕ್ಕೆ ಕಟ್ಟಿ, ದಾರಕ್ಕೆ ಬೆರಳಗಲಕ್ಕೊಂದು ಗಂಟು ಹಾಕಿ, ಬಾವಿಗೆ ಕೊಡ ಬಿಟ್ಟಂತೆ ನೈಟ್ರೋಜನ್ನಿನ ಪಾತ್ರೆಯ ತಣುವಿಗೆ ಗಂಟು ಗಂಟಾಗಿ ಇಳಿಸುತ್ತ ಒಂದೊಂದೇ ಅಂಕಿ ಬರೆದ. ಆ ಅಂಕಿಗಳನ್ನು ಕಾಗದದ ಮೇಲೆ ಚುಕ್ಕಿಯಿಟ್ಟು ಜೋಡಿಸಿದರೆ ಗೆರೆ ಒಮ್ಮೆಲೇ ಬೀಳಲಿಲ್ಲ. ತೊಂಬತ್ತು ಬರುವ ಬಹಳ ಮೊದಲೇ, ನೂರರ ಆಚೀಚೆಯಿಂದಲೇ, ಕುಡಗೋಲಿನ ಬೆನ್ನಿನ ಹಾಗೆ ಬಾಗಿಕೊಂಡು ಬಂದಿತ್ತು.

ಮರುದಿನ ರಾಮಲಿಂಗಪ್ಪ ನೋಡಿದ. “ಕುಂತಲ್ಲೇ ನಿದ್ದಿ ಹೊಡದು ಅಂದಾಜಿನ ಮ್ಯಾಲ ಬರದೀ,” ಅಂದ. ಜಟ್ಟೆಪ್ಪ ಇಲ್ಲ ಅಂದ. ಅವನ ಮಾತು ಕೇಳುವ ರೂಢಿ ಆ ಕೋಣೆಗೆ ಇರಲಿಲ್ಲ. ಸೋಮವಾರದಿಂದ ಬರಬೇಡ ಅಂದರು. ಆ ಪದರವನ್ನು ಕೆಟ್ಟದ್ದು ಅಂತ ಕಸದ ಬುಟ್ಟಿಗೆ ಹಾಕಿದ್ದರು. ಕೊನೆಯ ದಿನ ಕಸ ಗುಡಿಸುವುದು ಜಟ್ಟೆಪ್ಪನದೇ ಕೆಲಸವಾದ್ದರಿಂದ ಅದು ಅವನ ಪಾಲಿಗೆ ಬಂತು.

“ಮೇ ತಿಂಗಳಿಗೆ ನಂದು ರಿಟೈರ್‌ಮೆಂಟ್ ಐತ್ರಿ ಸರ. ಅದರೊಳಗ ಒಮ್ಮೆ ಇದನ್ನ ಅಳದು ನೋಡಬೇಕು. ನಾ ಸುಳ್ಳು ಬರದಿದ್ನೋ ಖರೇ ಬರದಿದ್ನೋ.”

“ನಿಮಗ ಗೊತ್ತಿಲ್ಲೇನು ಕಾಕಾ?”

“ಗೊತ್ತಿತ್ರಿ. ಒಂದ ಮಾತನ್ನ ಮೂವತ್ತು ವರ್ಷ ಒಬ್ಬನ ಹೇಳಿಕೋತ ಕುಂತ್ರ ಗೊತ್ತಿದ್ದದ್ದೂ ಸವದು ಹೋಗತೈತಿ. ನಿದ್ದಿ ಹತ್ತಿತ್ತೇನೋ ಅಂತ ಈಗೀಗ ನನಗ ಸಂಶೇ ಬರಾಕ ಹತ್ತೈತಿ.”

ಕಾಂತೇಶ ಮನೆಗೆ ಹೋಗಿ ಪುಸ್ತಕ ತೆಗೆದ. ಎರಡನೇ ರ‍್ಯಾಂಕಿನವನು ಆ ಅಧ್ಯಾಯವನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದ. ಅಲ್ಲಿ ಎಲ್ಲ ಇತ್ತು. ಅತಿವಾಹಕ ಆಗುವುದೆಂದರೆ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ, ಎಲ್ಲ ಒಂದೇ ನಡಿಗೆಗೆ ಬೀಳುವುದು. ಆದರೆ ಆ ಹಂತಕ್ಕೆ ಮೊದಲೇ ಅಲ್ಲೊಂದು ಇಲ್ಲೊಂದು ಜೋಡಿ ಕ್ಷಣಹೊತ್ತು ಕೂಡಿ ಮತ್ತೆ ಬೇರೆಯಾಗುತ್ತವೆ. ಆ ಕ್ಷಣದ ಜೋಡಿಗಳು ಕರೆಂಟಿಗೆ ಇಷ್ಟಿಷ್ಟೇ ದಾರಿ ಬಿಡುತ್ತವೆ. ಪದರ ತೆಳುವಾದಷ್ಟೂ ಈ ಚಡಪಡಿಕೆ ಎದ್ದು ಕಾಣುತ್ತದೆ. ಗೆರೆ ಬಾಗುತ್ತದೆ.

ಮರುದಿನ ಓಡಿಬಂದು ಹೇಳಿದ. ಜಟ್ಟೆಪ್ಪ ಗಮನವಿಟ್ಟು ಕೇಳಿ, “ಅಂದ್ರ ನಮ್ಮೂರ ಬಸ್‌ಸ್ಟ್ಯಾಂಡಿನಂಗ,” ಅಂದ. “ಧಾರವಾಡ ಬಸ್ಸು ಇನ್ನೂ ಕಂಡಿರಂಗಿಲ್ಲ. ಯಾರೋ ಇಬ್ಬರು ಎದ್ದು ಚೀಲ ಹಿಡೀತಾರ. ಮತ್ತ ಕುಂಡರತಾರ. ಇನ್ನಿಬ್ಬರು ಏಳತಾರ. ಬಸ್ ಬಂತಂದ್ರ ಮಾತ್ರ ಎಲ್ಲಾರೂ ಒಮ್ಮೆ.”

ಕಾಂತೇಶ ಆಮೇಲೆ ಎಷ್ಟೋ ಪುಸ್ತಕ ನೋಡಿದ. ಇದಕ್ಕಿಂತ ಚೆನ್ನಾಗಿ ಹೇಳಿದ್ದು ಸಿಗಲಿಲ್ಲ.

“ಮತ್ತ್ಯಾಕ ಅಳೀಬೇಕು ಕಾಕಾ? ಪುಸ್ತಕದಾಗ ಐತಿ. ನೀವು ಬರದದ್ದು ಖರೇ.”

“ಪುಸ್ತಕ ಖರೇ ಅಂತ ಆತು. ನಾ ಖರೇ ಅಂತ ಹೆಂಗಾತ್ರಿ? ಅವತ್ತು ನನ್ನ ಮುಂದ ಇದ್ದದ್ದು ಪುಸ್ತಕ ಅಲ್ಲ, ಈ ಚೂರು.”

ಕಾಲೇಜಿನಲ್ಲಿ ಮೈಕ್ರೋವೋಲ್ಟ್ ತೋರಿಸುವ ಮೀಟರು ಇತ್ತು. ಯಾವುದೋ ಅನುದಾನದಲ್ಲಿ ಬಂದದ್ದು, ಥರ್ಮಾಕೋಲಿನಿಂದ ಹೊರಗೆ ಬಂದಿರಲಿಲ್ಲ. ಉಷ್ಣತೆ ಹೇಳುವ ಪ್ಲಾಟಿನಮ್ ತಂತಿಯೂ ಕಪಾಟಿನಲ್ಲಿತ್ತು. ಇಲ್ಲದ್ದು ನೈಟ್ರೋಜನ್. ಕಾಂತೇಶ ಹುಬ್ಬಳ್ಳಿಗೆ, ಬೆಳಗಾವಿಗೆ ಫೋನು ಮಾಡಿ ಪತ್ರ ಕೊಡಿ, ಕೊಟೇಶನ್ ಕೊಡಿ ಅನ್ನಿಸಿಕೊಂಡು ತಿಂಗಳುಗಟ್ಟಲೆ ಕಳೆದ. ಜಟ್ಟೆಪ್ಪ ಅದನ್ನೆಲ್ಲ ನೋಡುತ್ತಿದ್ದು ಕಡೆಗೆ ಅಂದ: “ಸರ, ಎಮ್ಮಿ ದವಾಖಾನಿಯೊಳಗ ಇರತೈತಲ್ರಿ.”

ಇರುತ್ತದೆ! ಎಮ್ಮೆಗೆ ಆಕಳಿಗೆ ಗಬ್ಬ ಕಟ್ಟಿಸುವ ವೀರ್ಯದ ಕಡ್ಡಿಗಳನ್ನು ಕೆಡದಂತೆ ಇಡುವುದೇ ದ್ರವ ನೈಟ್ರೋಜನ್ನಿನ ಕ್ಯಾನಿನಲ್ಲಿ. ರೈತರ ಮನೆಯಲ್ಲೇ ಬೆಳೆದ ಕಾಂತೇಶ ಆ ಹೊಗೆಯಾಡುವ ಕ್ಯಾನನ್ನು ಸಣ್ಣವನಿದ್ದಾಗಿನಿಂದ ನೋಡಿದ್ದ. ವಿಜ್ಞಾನ ಬೇರೆ, ಎಮ್ಮೆ ಬೇರೆ ಅಂದುಕೊಂಡಿದ್ದ ಅಷ್ಟೇ.

ಏಪ್ರಿಲ್ಲಿನ ಒಂದು ಶನಿವಾರ ಇಬ್ಬರೂ ದೊಡವಾಡದ ಪಶು ಚಿಕಿತ್ಸಾಲಯದ ಮುಂದೆ ನಿಂತಿದ್ದರು. ಅಲ್ಲಿ ಕೆಲಸಕ್ಕಿದ್ದ ವೀರಪ್ಪ ಜಟ್ಟೆಪ್ಪನ ಜೊತೆ ಸಾಲೆ ಕಲಿತವನು. ಕಟಕಟೆಗೆ ಎಮ್ಮೆ ಕಟ್ಟಿಕೊಂಡು ಗುರುಬಸವ್ವ ಅನ್ನುವ ಹೆಂಗಸು ಕಾಯುತ್ತಿದ್ದಳು.

“ಮೂರು ಲೀಟರ್ ಕೊಡತೇನಿ,” ಅಂದ ವೀರಪ್ಪ. “ನಾಳೆ ಸಂಜಿಯೊಳಗ ಕ್ಯಾನ್ ವಾಪಸ್ ಬರಬೇಕು ನೋಡು. ಏನ್ ಮಾಡಾವ್ರು ಇದನ್ನ?”

“ಒಂದು ಚೂರು ತಣ್ಣಗ ಮಾಡಿ, ಅದರಾಗ ಕರೆಂಟ್ ಹೆಂಗ ಹರೀತೈತಿ ನೋಡತೇವ್ರಿ,” ಅಂದ ಕಾಂತೇಶ.

ಗುರುಬಸವ್ವ ನಡುವೆ ಬಂದಳು. “ಏನಪಾ ತಮ್ಮಾ, ನಿನ್ನ ಚೂರು ನಾಳೆನೂ ತಣ್ಣಗ ಆಗತೈತಿ. ನನ್ನ ಎಮ್ಮಿ ಬೆದಿ ನಾಳೆತನಕ ನಿಂದ್ರೂದಿಲ್ಲ. ಮೊದಲ ಇದರ ಪಾಳೆ.”

“ಆತ್ರಿ ಅವ್ವಾ, ಎಮ್ಮಿದ ಮೊದಲು.”

“ಹಾಂ. ಶಾಣ್ಯಾ ಅದಿ. ಏನ್ ಓದೀ?”

ಕಾಂತೇಶ ಬಾಯಿ ತೆರೆಯುವ ಮೊದಲೇ ಜಟ್ಟೆಪ್ಪ, “ಎಂಎಸ್ಸಿ. ಎರಡನೇ ರ‍್ಯಾಂಕು,” ಅಂದ. ಆ ಮಾತಿನಲ್ಲಿ ಹೆಮ್ಮೆಯೋ ಚೇಷ್ಟೆಯೋ ಕಾಂತೇಶನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಬಸ್ಸಿನಲ್ಲಿ ಜಟ್ಟೆಪ್ಪ ಕ್ಯಾನನ್ನು ಕಿಟಕಿಯ ಪಕ್ಕ ಕಾಲಸಂದಿನಲ್ಲಿ ಇಟ್ಟುಕೊಂಡು, ಕೂಸಿನ ತಲೆ ಹಿಡಿದಂತೆ ಹಿಡಿದಿದ್ದ. ಕಂಡಕ್ಟರ್ ಬಗ್ಗಿ ನೋಡಿ, “ಹೊಗಿ ಬರಾಕ ಹತ್ತೈತಲ್ರೀ, ಏನೈತಿ ಇದರಾಗ?” ಅಂದಾಗ, “ಥಂಡಿ,” ಅಂದ. ಏಪ್ರಿಲ್ಲಿನ ಬಿಸಿಲಿಗೆ ಬೆಂದಿದ್ದ ಕಂಡಕ್ಟರ್ ಲಗೇಜಿನ ಟಿಕೀಟು ಹರಿದು ಕೊಟ್ಟು, “ನಮಗೂ ಒಂದೀಟು ಬಿಡ್ರಿ,” ಅಂತ ಮುಂದೆ ಹೋದ.

ಭಾನುವಾರ ಬೆಳಿಗ್ಗೆ ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಜಟ್ಟೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮೇಣ ತೆಗೆದು ಚೂರನ್ನು ಬಿಳಿಯ ಕಾಗದದ ಮೇಲೆ ಇಳಿಸಿದ. ಅಂಚು ಸ್ವಲ್ಪ ಮಸುಕಾಗಿತ್ತು, ನಡುವೆ ಹೊಳಪಿತ್ತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಬೆಳ್ಳಿಯ ಅಂಟಿನಿಂದ ಕೂದಲೆಳೆಯ ನಾಲ್ಕು ತಂತಿ ಕೂಡಿಸಿದ. ಎರಡರಿಂದ ಕರೆಂಟು ಒಳಗೆ, ಇನ್ನೆರಡರಿಂದ ವೋಲ್ಟೇಜು ಹೊರಗೆ; ವೋಲ್ಟೇಜು ಇಳಿದಷ್ಟೂ ತಡೆ ಇಳಿದಂತೆ. ಅರವತ್ತರ ಕೈ ಒಂದೂ ತಂತಿ ತಪ್ಪಿಸಲಿಲ್ಲ.

ಆಮೇಲೆ ದಾರ ತೆಗೆದ. ಬೆರಳಗಲಕ್ಕೊಂದು ಗಂಟು. ಚೂರಿನ ಜೊತೆಗೇ ಎತ್ತಿಟ್ಟುಕೊಂಡಿದ್ದ, ಮೂವತ್ತು ವರ್ಷದ ಹಿಂದಿನದೇ ದಾರ.

“ನಾ ಇಳಸತೇನಿ. ನೀವು ನೋಡ್ರಿ, ಹೇಳ್ರಿ, ಬರೀರಿ. ನೈಟ್ರೋಜನ್ ಒಂದ ಸರ್ತಿಗೆ ಆಗೂವಷ್ಟ ಐತಿ. ಲಕ್ಷ್ಯ ಇರಲಿ.”

“ಕಾಕಾ, ನನಗ ಹೇಳತೀರಾ?”

ಕ್ಯಾನಿನ ಬಾಯಿಂದ ಬಿಳಿಯ ಹೊಗೆ ಏಳುತ್ತಿತ್ತು. ಜಟ್ಟೆಪ್ಪ ಅದರ ಮೇಲೆ ಬಗ್ಗಿದ. ದಾರ ಹಿಡಿದ ಕೈಯಷ್ಟೇ ಅವನ ಲೋಕ.

“ಗಂಟು.”

“ನೂರಾ ಇಪ್ಪತ್ತು ಡಿಗ್ರಿ ಕೆಲ್ವಿನ್. ನಲವತ್ತೆಂಟು ಚುಕ್ಕಿ ಸೊನ್ನೆ ಮೈಕ್ರೋವೋಲ್ಟ್.”

“ಗಂಟು.”

“ನೂರಾ ಹದಿನಾರು. ನಲವತ್ತಾರು ಚುಕ್ಕಿ ನಾಲ್ಕು.”

ಒಂದೊಂದು ಗಂಟಿಗೂ ಅಂಕಿ ನಿಲ್ಲುವತನಕ ಎರಡೆರಡು ನಿಮಿಷ ಕಾಯಬೇಕು. ನೂರಾ ಹನ್ನೆರಡು, ನೂರಾ ಎಂಟು. ಎಲ್ಲ ಪಟ್ಟಿ ಇಟ್ಟು ಎಳೆದಂತೆ ನೇರ. ಆಗ ಕಾಂತೇಶನ ಜೇಬಿನಲ್ಲಿ ಫೋನು ಗುಂಯ್ ಅಂದಿತು. ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿ ಗ್ರೂಪಿನಲ್ಲಿ ಬಂದಿತ್ತು. ಆರು ಪುಟ. ಹೆಸರು ಇದೆಯೋ ಇಲ್ಲವೋ ಅಂತ ಒಮ್ಮೆ ಕಣ್ಣು ಹಾಯಿಸಿದರಾಯಿತು ಅಂದುಕೊಂಡ.

“ಗಂಟು.”

“ಹೂಂ.”

ಮೊದಲ ಪುಟದಲ್ಲಿ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಬೆರಳು ಮೂರನೆಯದಕ್ಕೆ ಜಾರಿತು.

“ಗಂಟು.”

“ಹೂಂ.”

ಐದನೇ ಪುಟದಲ್ಲಿ ಹೆಸರು ಇತ್ತು. ಕಾಂತೇಶ ಫೋನು ಜೇಬಿಗಿಟ್ಟು ತಲೆ ಎತ್ತಿ ನೋಡಿದರೆ ಮತ್ತೊಂದು ಗಂಟು ಇಳಿದು ಮೀಟರಿನಲ್ಲಿ ತೊಂಬತ್ತಾರು ಡಿಗ್ರಿ, ಮೂವತ್ತೈದು ಚುಕ್ಕಿ ಒಂದು. ನೂರಾ ನಾಲ್ಕು, ನೂರು ಎರಡೂ ದಾಟಿಹೋಗಿದ್ದವು. ಗೆರೆ ಬಾಗಲು ಶುರುವಾಗಬೇಕಾದ ಜಾಗವೇ ಅದು.

ಅವನು ತೊಂಬತ್ತಾರರ ಅಂಕಿಯನ್ನು ಗಟ್ಟಿಯಾಗಿ ಹೇಳಿದ, ಬರೆದ. ಮೇಲಿನ ಎರಡು ಖಾಲಿ ಸಾಲು ಅವನನ್ನೇ ನೋಡುತ್ತಿದ್ದವು. ಬಾಗಿದ ಗೆರೆಯಲ್ಲಿ ಅಲ್ಲಿ ಏನು ಬರಬೇಕು ಅಂತ ಅವನಿಗೆ ಗೊತ್ತಿತ್ತು, ಅಧ್ಯಾಯ ಓದಿದ್ದನಲ್ಲ. ಮುದುಕನಿಗೆ ಉಪಕಾರವಾಗಲಿ ಅಂತ ನಲವತ್ತು ಚುಕ್ಕಿ ಒಂಬತ್ತು, ಮೂವತ್ತೆಂಟು ಚುಕ್ಕಿ ನಾಲ್ಕು ಅಂತ ತುಂಬಿದ. ಕುಡಗೋಲಿನ ಬೆನ್ನಿಗೆ ಒಪ್ಪುವಂಥ ಚೆಂದದ ಅಂಕಿಗಳು. ಹಾಸ್ಟೆಲ್ಲಿನಲ್ಲಿ ಕಲಿತ ವಿದ್ಯೆ ಮರೆತಿರಲಿಲ್ಲ.

ತೊಂಬತ್ತಮೂರಕ್ಕೆ ಮೂವತ್ತು ಚುಕ್ಕಿ ಎಂಟು. ತೊಂಬತ್ತೊಂದಕ್ಕೆ ಹತ್ತೊಂಬತ್ತು. ಎಂಬತ್ತೊಂಬತ್ತಕ್ಕೆ ಎರಡು. ಎಂಬತ್ತೆಂಟಕ್ಕೆ ಕಾಂತೇಶನ ದನಿ ತಾನಾಗಿ ಏರಿತು: “ಸೊನ್ನೆ! ಕಾಕಾ, ಸೊನ್ನೆ! ಇನ್ನೂ ಜೀವಂತ ಐತಿ!”

ಜಟ್ಟೆಪ್ಪ ದಾರ ಬಿಡದೆ ಕತ್ತು ತಿರುಗಿಸಿ ಮೀಟರು ನೋಡಿದ. ಕನ್ನಡಕ ಮಂಜಾಗಿತ್ತು. ಒರೆಸಿಕೊಳ್ಳಲಿಲ್ಲ. “ಅಕ್ಕಿ ಛಲೋ ಹುರದಾಳ ಹಂಗಾರ,” ಅಂದ ಮೆಲ್ಲಗೆ.

ಚೂರನ್ನು ಮೇಲೆತ್ತಿ ಇಟ್ಟು, ಗ್ರಾಫಿನ ಹಾಳೆಯ ಮೇಲೆ ತಾನೇ ಒಂದೊಂದು ಚುಕ್ಕಿ ಇಟ್ಟ. ಗೆರೆ ಬಾಗಿ ಬಂತು. ಮೂವತ್ತು ವರ್ಷ ಕಾದ ಬಾಗು. ಕಾಂತೇಶ ಚಪ್ಪಾಳೆ ತಟ್ಟುವುದರಲ್ಲಿದ್ದ. ಜಟ್ಟೆಪ್ಪನ ಪೆನ್ನು ಎರಡು ಚುಕ್ಕಿಗಳ ಮೇಲೆ ನಿಂತುಬಿಟ್ಟಿತು.

“ಸರ, ಈ ಎರಡು ನಿಮ್ಮ ಬಾಯಿಂದ ಬರಲಿಲ್ಲಲ್ರಿ.”

“ಬಂದೂ ಕಾಕಾ. ನಿಮಗ ಕೇಳಿಲ್ಲೇನೋ.”

“ಹೂಂ ಅಂದ್ರಿ. ಎರಡು ಸರ್ತಿ. ಕೈಯಾಗ ದಾರ ಇತ್ತು, ಬಿಟ್ಟು ಕೇಳಾಕ ಆಗಲಿಲ್ಲ.”

ಕಾಂತೇಶ ಕಿಟಕಿ ನೋಡಿದ, ಮೀಟರು ನೋಡಿದ. ಕಡೆಗೆ, “ಫೋನ್ ನೋಡಾಕ ಹತ್ತಿದ್ನಿ. ಹೆಂಗೂ ಅದ ಬರತಿತ್ತಲ್ಲ ಕಾಕಾ, ಪುಸ್ತಕದಾಗ ಹಂಗ ಐತಿ,” ಅಂದ.

“ಪುಸ್ತಕದಾಗಿಂದ ಬರಿಯೂದಿದ್ರ ಎಮ್ಮಿ ದವಾಖಾನಿಗೆ ಯಾಕ ಹೋಗಿದ್ವಿ?”

ಜಟ್ಟೆಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಸ್ಟೂಲಿನ ಮೇಲೆ ಕೂತು ಹಾಳೆಯನ್ನೇ ನೋಡುತ್ತಿದ್ದ. ಮೂವತ್ತು ವರ್ಷದ ಹಿಂದೆ ಅವನು ಮಾಡದೆ ಹೊತ್ತ ತಪ್ಪನ್ನು ಎರಡನೇ ರ‍್ಯಾಂಕಿನವನು ಅವನ ಮುಂದೆಯೇ, ಅವನದೇ ಚೂರಿನ ಮೇಲೆ, ಅವನ ಒಳ್ಳೆಯದಕ್ಕಾಗಿಯೇ ಮಾಡಿ ಇಟ್ಟಿದ್ದ. ಈ ಹಾಳೆಯನ್ನು ನೋಡಿ ಯಾರಾದರೂ ‘ಅಂದಾಜಿನ ಮ್ಯಾಲ ಬರದೀ’ ಅಂದರೆ ಈ ಸಲ ಅದು ಸುಳ್ಳಲ್ಲ.

“ಇನ್ನೊಮ್ಮೆ ಇಳಸೂಣು ಕಾಕಾ. ಎರಡ ಗಂಟು ಅಷ್ಟ.” ಕಾಂತೇಶ ಕ್ಯಾನು ಎತ್ತಿ ಅಲ್ಲಾಡಿಸಿದ. ತಳದಲ್ಲಿ ಒಂದು ಬೆರಳಷ್ಟು ಸದ್ದು ಇತ್ತು. ಚೂರನ್ನು ಕೈಗೆ ತೆಗೆದುಕೊಂಡಾಗ ತಣುವಿಗೆ ಬಿರಿದ ಬೆಳ್ಳಿಯ ಅಂಟು ಒಂದು ತಂತಿಯ ಸಮೇತ ಕಿತ್ತುಬಂತು. ಅದರ ಜೊತೆಗೇ ಪದರದ ಒಂದು ಎಳೆ. ಮತ್ತೆ ಅಂಟಿಸಿ ಒಣಗಿಸುವ ಹೊತ್ತಿಗೆ ಕ್ಯಾನಿನಲ್ಲಿ ಹೊಗೆಯೂ ಇರುವುದಿಲ್ಲ. ಹಾಗೆ ಒಣಗಿಸಿದರೂ ಅದು ಇನ್ನು ಅದೇ ಚೂರಲ್ಲ.

“ಕಾಕಾ, ನಾನು...”

“ಸುಮ್ಕಿರ್ರಿ ಸರ. ಪೆನ್ನು ತಗೋರಿ.”

ಕಾಂತೇಶನ ಕೈಯಿಂದಲೇ ಆ ಎರಡು ಅಂಕಿಗಳ ಮೇಲೆ ಒಂದೊಂದು ಗೆರೆ ಎಳೆಸಿದ. ಪಕ್ಕದಲ್ಲಿ ‘ನೋಡಿಲ್ಲ’, ‘ನೋಡಿಲ್ಲ’ ಅಂತ ಬರೆಸಿದ. ಕೆಳಗೆ ಸಹಿ ಹಾಕಿಸಿದ. ಆಮೇಲೆ ತಾನು ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಚುಕ್ಕಿ ಇಟ್ಟ. ನೂರಾ ಎಂಟರ ತನಕ ಗೆರೆ ಎಳೆದು ನಿಲ್ಲಿಸಿದ. ನಡುವಿನ ಜಾಗ ಖಾಲಿ ಬಿಟ್ಟ. ತೊಂಬತ್ತಾರರಿಂದ ಮತ್ತೆ ಶುರು ಮಾಡಿ ಸೊನ್ನೆಯ ತನಕ ತಂದ. ಉಕ್ಕಿನ ಪಟ್ಟಿಯನ್ನು ಮೇಲಿನ ನೇರ ಗೆರೆಗೆ ಹೊಂದಿಸಿ ಇಟ್ಟು ಬಹಳ ಹೊತ್ತು ನೋಡಿದ.

“ಬರ್ರಿಲ್ಲೆ. ನೋಡ್ರಿ.”

ನೇರ ಹೋಗಿದ್ದರೆ ತೊಂಬತ್ತಾರಕ್ಕೆ ಮೂವತ್ತೆಂಟರ ಮೇಲೆ ಇರಬೇಕಿತ್ತು. ಚುಕ್ಕಿ ಮೂವತ್ತೈದರಲ್ಲಿ, ಪಟ್ಟಿಗಿಂತ ಎದ್ದು ಕಾಣುವಷ್ಟು ಕೆಳಗೆ ಇತ್ತು. ತೊಂಬತ್ತಮೂರರದು ಇನ್ನೂ ಕೆಳಗೆ. ಸೊನ್ನೆ ಇನ್ನೂ ಐದಾರು ಡಿಗ್ರಿ ದೂರ ಇರುವಾಗಲೇ.

“ಎಲ್ಲಿ ಶುರು ಆತೋ ಗೊತ್ತಾಗಲಿಲ್ಲ,” ಅಂದ ಜಟ್ಟೆಪ್ಪ. “ಆದ್ರ ಬಾಗೇತಿ. ಬಸ್ ಬರೂಕಿಂತ ಮೊದಲ ಮಂದಿ ಎದ್ದಾರ.” ಪಟ್ಟಿಯ ಮೇಲೆ ಬೆರಳಿಟ್ಟು, “ನನಗ ನಿದ್ದಿ ಹತ್ತಿದ್ದಿಲ್ಲ,” ಅಂದ. ಯಾರಿಗೂ ಹೇಳಿದ ಹಾಗಿರಲಿಲ್ಲ ಅದು.

ಕಾಂತೇಶನಿಗೆ ಆ ಹೊತ್ತು ಈಗಲೂ ಹಾಗೆಯೇ ನೆನಪಿದೆ. ಖಾಲಿ ಕ್ಯಾನಿನ ಬಾಯಲ್ಲಿ ಕೊನೆಯ ಹೊಗೆ, ಹೊರಗೆ ಬೇವಿನ ಮರದಲ್ಲಿ ಗಿಳಿಗಳ ಗಲಾಟೆ, ಇಸ್ತ್ರಿ ಅಂಗಿಯ ಮುದುಕ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದು. ಪಟ್ಟಿ ಎತ್ತಿದರೆ ಚುಕ್ಕಿಗಳು ಎದ್ದು ಹೋದಾವು ಅನ್ನುವ ಹಾಗೆ.

ಸಂಜೆ ಕ್ಯಾನು ವಾಪಸು ಕೊಡಲು ದೊಡವಾಡಕ್ಕೆ ಹೋದರು. ವೀರಪ್ಪನಿಗೆ ಅದನ್ನು ಒಪ್ಪಿಸಿ ಜಟ್ಟೆಪ್ಪನ ಮನೆಗೆ ಬಂದರು. ಅವನ ಹೆಂಡತಿ ಕೃಷ್ಣವ್ವ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಜಟ್ಟೆಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಕಾಂತೇಶ ಕಟ್ಟೆಯ ತುದಿಗೆ ಕೂತ, ಪರೀಕ್ಷೆ ಕೆಟ್ಟವನ ಹಾಗೆ.

ಕೃಷ್ಣವ್ವ ಹಿತ್ತಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ತಮ್ಮಾ, ಒಂದ ಮಾತು. ಮನೋಳಿಯಿಂದ ನಾ ಈ ಮನಿಗೆ ಬಂದ ವರ್ಷಾನ ಇವರು ಧಾರವಾಡದ ಕೆಲ್ಸಾ ಬಿಟ್ಟು ಬಂದ್ರು. ನಮ್ಮ ಅಪ್ಪ ಕೇಳಿದ್ದಕ್ಕ, ಸುಳ್ಳು ಬರದೀ ಅಂತ ತಗದಾರ ಅಂದ್ರು, ಎಲ್ಲಾರ ಮುಂದ. ಮೂವತ್ತು ವರ್ಷ ತಪ್ಪದ ಅಕ್ಕಿ ಹುರದ ಕೊಟ್ಟೇನಿ. ಒಮ್ಮೆನೂ ಕೇಳಿಲ್ಲ, ಖರೇನೋ ಸುಳ್ಳೋ ಅಂತ. ಇವತ್ತು ನೋಡಿದ್ರಲ್ಲಾ. ಇವರು ಅವತ್ತು ಸುಳ್ಳು ಬರದಿದ್ರೋ, ಇಲ್ಲೋ?”

ಕಾಂತೇಶನಿಗೆ ಹೇಳಲು ಬಹಳ ಇತ್ತು. ಎಲೆಕ್ಟ್ರಾನಿನ ಜೋಡಿ ಇತ್ತು, ತೆಳು ಪದರ ಇತ್ತು, ಬಿಲ್ಲೆಗೂ ಪದರಕ್ಕೂ ಇರುವ ವ್ಯತ್ಯಾಸ ಇತ್ತು, ಆರು ಪುಟದ ಪಟ್ಟಿಯ ನೆಪವೂ ಇತ್ತು.

“ಇಲ್ರಿ ಅವ್ವಾ. ಕಾಕಾ ಬರದದ್ದು ಖರೇ. ಸುಳ್ಳು ಬರದಾಂವ ನಾನು. ಇವತ್ತ, ಎರಡು ಸಾಲು.”

ಕೃಷ್ಣವ್ವ ಅವನ ಮುಖ ನೋಡಿದಳು. ಕೈಯಲ್ಲಿದ್ದ ಹುಣಸೆಬೀಜ ಬುಟ್ಟಿಗೆ ಹಾಕಿದಳು.

“ಇವರು ಅದನ್ನ ಅಳಿಸಿ ಹಾಕಿದ್ರೇನು?”

“ಇಲ್ರಿ. ಗೆರಿ ಹೊಡಿಸಿದ್ರು. ಸಹಿ ಮಾಡಿಸಿದ್ರು.”

“ಹಂಗಾರ ಇವರ ಖರೇ,” ಅಂದಳು ಅವಳು. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು ಎದ್ದಳು. ಹಿತ್ತಲಿನಿಂದ ಬಂದ ಜಟ್ಟೆಪ್ಪನಿಗೆ ಟವೆಲ್ಲು ಕೊಡುತ್ತ, “ಬರೂ ಖಂಡೇನವಮಿಗೆ ಅಕ್ಕಿ ಹುರಿಯೂದಿಲ್ಲ ನೋಡ್ರಿ. ಸಾಕಾಗೇತಿ ನನಗ,” ಅಂದಳು.

“ಬ್ಯಾಡ ಬಿಡು,” ಅಂದ ಜಟ್ಟೆಪ್ಪ. ಆಮೇಲೆ ಕಾಂತೇಶನ ಕಡೆ ತಿರುಗಿ, ಲ್ಯಾಬಿನ ಹೊರಗೆ ಮೊದಲ ಸಲ: “ತಮ್ಮಾ, ಕುಂಡರು. ಊಟ ಮಾಡಿ ಹೋಗು. ಕಿತ್ತೂರಿಗೆ ಇನ್ನೂ ಒಂದು ಬಸ್ ಐತಿ.”